ವಿಲಾಸಿನಿ ಟೀಚರೂ ಕಿಳಿಯೂರಿನ ಓಲೆಕಟ್ಟೂ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಶುರುವಾದರೂ ಕೊನೆ ಮುಟ್ಟುವಷ್ಟರಲ್ಲಿ ಕೆಳಗೆ ಜಾರಿರುತ್ತದೆ. ಹನ್ನೊಂದನೆಯ ಕ್ಲಾಸಿನ ನಡುವೆಯೇ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಹೆದರುತ್ತಿದ್ದೆ, ಅದಕ್ಕೇ ಬಿಟ್ಟೆ. ವಿಲಾಸಿನಿ ಟೀಚರ್ ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅವರ ಬಗ್ಗೆ ಲೈಬ್ರರಿಯ ಎಲ್ಲರೂ ಬರೆದು ಕೊಡಬೇಕು, ಒಂದು ಪುಸ್ತಕ ಮಾಡುತ್ತೇವೆ ಎಂದಿದ್ದಾರೆ. ಬೇರೆಯವರು ಹೊಗಳಿ ಬರೆಯುತ್ತಾರೆ. ನಾನು ನಡೆದದ್ದನ್ನು ಬರೆಯುತ್ತೇನೆ.

ಗುಡ್ಡದ ಮೇಲಿನ ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ವಿಶೇಷ ಸಂಗ್ರಹ ಎಂಬ ವಿಭಾಗವಿದೆ. ಹಳೆಯ ಮನೆಗಳ ತಾಳೆಗರಿಯ ಓಲೆ, ಕಾಗದಪತ್ರ, ಕೈಬರಹದ ಪುಸ್ತಕಗಳೆಲ್ಲ ಅಲ್ಲಿರುತ್ತವೆ. ಪಾಠ ಮಾಡದಿದ್ದರೂ ಎಲ್ಲರೂ ಟೀಚರ್ ಎಂದೇ ಕರೆಯುವ ಇವರು ಅದರ ಮುಖ್ಯಸ್ಥೆ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದವನ ಮಗಳಾದ ಅವರು ಇಲ್ಲಿಗೆ ಬಂದದ್ದು ನಕಲು ಬರೆಯುವ ತಾತ್ಕಾಲಿಕ ಕೆಲಸಕ್ಕೆ. ಆಗ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಎರಡು ಕಪಾಟು. ಟೀಚರ್ ಮನೆಮನೆಗೆ ನಡೆದು ಹೋಗಿ ಜಗಲಿಯಲ್ಲಿ ಕೂರುತ್ತಿದ್ದರಂತೆ. ಮೊದಲ ಸಲ ಹೋದಾಗ ಓಲೆಯ ಮಾತೇ ಎತ್ತುವುದಿಲ್ಲ. ಕೊಟ್ಟ ಗಂಜಿ ಕುಡಿದು, ಹಸು ಕರು ಹಾಕಿತೇ ಎಂದು ಕೇಳಿ ಬರುವುದು. ಮೂರನೆಯ ಸಲ ಮನೆಯವರೇ ಅಟ್ಟ ತೋರಿಸುತ್ತಿದ್ದರು. ಒಂದು ಮನೆಯವರು ಹಳೆಯ ಓಲೆ ಮನೆಯಲ್ಲಿರಬಾರದೆಂದು ಹೊಳೆಗೆ ಬಿಡಲು ಹೊರಟಿದ್ದಾಗ, ಇವರು ಸೀರೆಯೊಂದಿಗೆ ಸೊಂಟದವರೆಗೆ ನೀರಿಗಿಳಿದು ಆರು ಕಟ್ಟು ಹಿಡಿದರಂತೆ.

ಅವರ ಗಂಡ, ನಾವು ಏಟ್ಟ ಅಂದರೆ ಅಣ್ಣ ಎನ್ನುವ ಸುಕುಮಾರೇಟ್ಟ, ಬಲ್ಬು, ವೈರು ಮಾರುವ ಅಂಗಡಿಯವರು. ಮಧ್ಯಾಹ್ನ ಊಟದ ಡಬ್ಬಿ ತಂದಾಗೆಲ್ಲ ಬಾಗಿಲಲ್ಲಿ ನಿಂತು ಛೇಡಿಸುತ್ತಾರೆ. "ನೋಡ್ರೇ ಮಕ್ಕಳಾ, ನನಗೆ ಸವತಿ ಒಬ್ಬಳಲ್ಲ, ಮೂರು ಸಾವಿರ! ಇವಳ ಮೈಯೆಲ್ಲ ನಿಂಬೆಹುಲ್ಲಿನ ಎಣ್ಣೆ ವಾಸನೆ. ಒಂದೇ ಲಾಭ ಅಂದ್ರೆ ನಮ್ಮನೇಲಿ ಸೊಳ್ಳೆ ಇಲ್ಲ."

"ಅಷ್ಟು ಹೊಟ್ಟೆಕಿಚ್ಚಾದ್ರೆ ನೀವೂ ಒಂದು ಓಲೆ ಆಗಿ ಬನ್ನಿ, ಎಣ್ಣೆ ಹಚ್ಚಿಸ್ತೀನಿ" ಎನ್ನುತ್ತಾರೆ ಟೀಚರ್.

ಹುಳ ಹಿಡಿಯದಂತೆ ಓಲೆಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಎರಡು ವರ್ಷದಿಂದ ದಿನಗೂಲಿಗೆ ಮಾಡುತ್ತಿದ್ದೇನೆ. ಹಳೆಯ ಲಿಪಿ ನನಗೆ ಓದಲು ಬರುವುದಿಲ್ಲ, ಆದರೆ ಓಲೆಯನ್ನು ನೋಡಿ ಗುರುತಿಸುತ್ತೇನೆ. ಹುಳ ಒಂದೇ ಓಲೆ ತಿಂದು ನಿಲ್ಲುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಕೊರೆಯುತ್ತ ಹೋಗುತ್ತದೆ. ಆ ತೂತು ಓಲೆಯಿಂದ ಓಲೆಗೆ ಒಂದೊಂದು ಎಳೆಯಷ್ಟು ಸರಿಯುತ್ತದೆ. ಅದನ್ನು ಹಿಡಿದು ಹೋದರೆ ಯಾವುದರ ಮುಂದೆ ಯಾವುದು ಎಂದು ತಿಳಿಯುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಟೀಚರ್ ಒಂದು ದಿನ ತಾವಾಗಿ ಗಮನಿಸುತ್ತಾರೆ, ನನ್ನನ್ನು ಹತ್ತಿರ ಕೂರಿಸಿಕೊಂಡು ಲಿಪಿ ಕಲಿಸುತ್ತಾರೆ ಎಂದು ಕಾಯುತ್ತಿದ್ದೆ.

ಅಷ್ಟರಲ್ಲಿ ಜೂನ್‌ನಲ್ಲಿ ಗ್ರೀಷ್ಮ ಬಂದಳು. ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದವಳು. ಬಂದ ವಾರದಲ್ಲೇ ಟೀಚರ್ ಅವಳನ್ನು "ಮೋಳೇ" ಎಂದು ಕರೆಯತೊಡಗಿದರು. ನನ್ನನ್ನು ಎರಡು ವರ್ಷವೂ "ಅಂಬಿಳಿ" ಎಂದು ಹೆಸರು ಹಿಡಿದೇ ಕರೆದವರು ಅವಳನ್ನು ಮಗಳೇ ಎಂದರು. ಅವಳು ಲಿಪಿ ತಪ್ಪು ಓದಿದರೂ ನಗುತ್ತಿದ್ದರು. ತಮ್ಮ ಡಬ್ಬಿಯ ಮೀನು ಹುರಿದದ್ದನ್ನು ಅವಳ ತಟ್ಟೆಗೆ ಹಾಕುತ್ತಿದ್ದರು. ನಾನು ಕಿಟಕಿಯ ಪಕ್ಕ ಎಣ್ಣೆ ಬಟ್ಟೆ ಹಿಡಿದು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಒರೆಸಿದ ಓಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದೆ. ಗ್ರೀಷ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಿಳಿಯೂರಿನ ಮೂಸ್ ಎಂದರೆ ದೊಡ್ಡ ವೈದ್ಯರು. ಅವರ ಮನೆಯಲ್ಲಿ ನಲವತ್ತೊಂದು ಓಲೆಕಟ್ಟುಗಳಿವೆ. ಟೀಚರ್ ಹನ್ನೊಂದು ವರ್ಷ ಆ ಜಗಲಿಯಲ್ಲಿ ಕೂತು ಬಂದಿದ್ದರು. ಈ ಸಲ ಓಣಂ ಕಳೆದ ಮೇಲೆ ಮೂಸ್ ಒಂದೇ ಒಂದು ಕಟ್ಟು ಕೊಟ್ಟು ಹೇಳಿದರಂತೆ, "ಹೇಗೆ ನೋಡ್ಕೊಳ್ತೀರಿ ಅಂತ ನೋಡ್ತೀನಿ. ವಿಜಯದಶಮಿ ದಿನ ಬಂದು ನಾನೇ ಬಿಚ್ಚಿ ಓದ್ತೀನಿ. ಮನಸ್ಸಿಗೆ ಬಂದ್ರೆ ಉಳಿದ ನಲವತ್ತೂ ನಿಮ್ಮವು." ಕಟ್ಟುಗಳು ಸಿಕ್ಕರೆ ಕಿಳಿಯೂರಿನಲ್ಲೇ ಒಂದು ತಿಂಗಳು ಉಳಿದು ಪಟ್ಟಿ ಮಾಡಬೇಕು. ಟೀಚರ್ ಜೊತೆಗೆ ಒಬ್ಬರು ಹೋಗಬಹುದು. ನಾನು ಮನಸ್ಸಿನಲ್ಲೇ ಬಟ್ಟೆ ಕೂಡ ಜೋಡಿಸಿಟ್ಟಿದ್ದೆ. ಟೀಚರ್ ಗ್ರೀಷ್ಮಳ ಹೆಸರು ಹೇಳಿದರು. ಆ ಕಟ್ಟಿಗೆ ಎಣ್ಣೆ ಹಚ್ಚುವ ಕೆಲಸವನ್ನೂ, "ಅವಳೂ ಕಲೀಲಿ, ಅಂಬಿಳಿ" ಎಂದು, ಅವಳಿಗೇ ಕೊಟ್ಟರು.

ನವರಾತ್ರಿಯ ಅಷ್ಟಮಿಯ ಮಧ್ಯಾಹ್ನ. ಸಂಜೆ ಪುಸ್ತಕಗಳನ್ನೆಲ್ಲ ಪೂಜೆಗೆ ಇಡಬೇಕು. ಇಟ್ಟ ಮೇಲೆ ದಶಮಿಯ ಬೆಳಿಗ್ಗೆಯವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ದಾರ ಬಿಚ್ಚುವ ಮೊದಲು ಓಲೆಗಳ ಕ್ರಮವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ನಮ್ಮ ಪದ್ಧತಿ. ಗ್ರೀಷ್ಮ ಆಮೇಲೆ ಬರೆದರಾಯಿತೆಂದು ಬಿಚ್ಚಿದಳು, ಎಣ್ಣೆ ಹಚ್ಚಿ ನಾಲ್ಕು ಸಾಲಾಗಿ ಮೇಜಿನ ಮೇಲೆ ಒಣಗಿಸಿದಳು. ಅಷ್ಟರಲ್ಲಿ ಅಟೆಂಡರ್ ಕುಟ್ಟಪ್ಪೇಟ್ಟ ಹಿತ್ತಾಳೆ ತಟ್ಟೆ ಹಿಡಿದು ಬಂದ.

"ಪೆನ್ನು, ಪೆನ್ಸಿಲು ಎಲ್ಲ ಇಲ್ಲಿ ಹಾಕಿ. ಬಚ್ಚಿಟ್ಕೊಂಡೋರಿಗೆ ದೇವಿ ಪರೀಕ್ಷೇಲಿ ಸೊನ್ನೆ ಕೊಡ್ತಾಳೆ!"

"ಅಯ್ಯೋ ಏಟ್ಟಾ, ಒಂದೇ ನಿಮಿಷ, ಒಂದು ಚೀಟಿ ಬರೀಬೇಕು."

"ಎಂ.ಎ. ಓದಿದ ತಲೆ, ಅಷ್ಟೂ ನೆನಪಿರಲ್ವಾ? ಕೊಡು ಕೊಡು."

"ನೆನಪಿರುತ್ತೆ ಬಿಡಿ" ಎಂದು ಗ್ರೀಷ್ಮ ನಗುತ್ತ ಪೆನ್ನು ಹಾಕಿದಳು.

ಟೀಚರ್ ಆಫೀಸಿನಲ್ಲಿ ಮೂಸ್ ಜೊತೆ ಫೋನಿನಲ್ಲಿದ್ದರು. ಗ್ರೀಷ್ಮ ಅವಸರದಿಂದ ಓಲೆ ಎತ್ತತೊಡಗಿದಳು. ಮೊದಲ ಸಾಲು ಎತ್ತಿದಳು. ಆಮೇಲೆ ಎರಡನೆಯದು ಎತ್ತಬೇಕಿತ್ತು, ಮೂರನೆಯದು ಎತ್ತಿದಳು. ಕಟ್ಟಿನ ಅಂಚಿನಲ್ಲಿ ಹುಳದ ದಾರಿ ಥಟ್ಟನೆ ನಿಂತು ಬೇರೆಲ್ಲೋ ಶುರುವಾದದ್ದು ನನಗೆ ಕಿಟಕಿಯಿಂದಲೇ ಕಂಡಿತು. ಬಾಯಿ ತೆರೆದೆ. ಸಂಕೋಚದಿಂದ ಮುಚ್ಚಿದೆ ಎಂದು ಬರೆದರೆ ಎಲ್ಲರೂ ನಂಬುತ್ತಾರೆ. ಆದರೆ ಅದು ಸಂಕೋಚವಾಗಿರಲಿಲ್ಲ. ಟೀಚರ್ ಬಂದು, "ಆಯ್ತಾ ಮೋಳೇ?" ಎಂದು ಕೇಳಿ, ಕೆಂಪು ಬಟ್ಟೆ ಸುತ್ತಿ ಕಟ್ಟನ್ನು ಪೂಜೆಗೆ ಒಯ್ದರು. ಒಳ್ಳೆಯದೇ ಆಯಿತು ಎಂದುಕೊಂಡೆ.

ನವಮಿಯ ದಿನವಿಡೀ ಮನೆಯಲ್ಲೇ ಇದ್ದೆ. ಟೀಚರ್ ಮನೆ ಎರಡು ಬಸ್‌ಸ್ಟಾಪಿನಾಚೆ. ಹೋಗಲಿಲ್ಲ. ಗ್ರೀಷ್ಮಳ ಮುಖ ಸಣ್ಣಗಾಗುವುದನ್ನು ನೋಡಬೇಕೆಂಬ ಆಸೆಯೂ ಇತ್ತು. ಆ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಯೋಚಿಸಲಿಲ್ಲ.

ದಶಮಿಯ ಬೆಳಿಗ್ಗೆ ಪೂಜೆ ಮುಗಿದು ಅವಲಕ್ಕಿ, ಅರಳು ಹಂಚಿದ ಮೇಲೆ ಮೂಸ್ ಚಾಪೆಯ ಮೇಲೆ ಕೂತು ಕಟ್ಟು ಬಿಚ್ಚಿದರು. ಎಂಬತ್ತು ದಾಟಿದ್ದರೂ ಗಟ್ಟಿ ದನಿ. ಎಂಟು ಓಲೆ ರಾಗವಾಗಿ ಓದಿದರು. ಒಂಬತ್ತನೆಯದಕ್ಕೆ ಬಂದು ಓದು ನಿಲ್ಲಿಸಿದರು. ಹಿಂದಿನದನ್ನು ನೋಡಿದರು, ಮತ್ತೆ ಮುಂದಿನದನ್ನು ನೋಡಿದರು.

"ಟೀಚರೇ, ಕಣ್ಣಿಗೆ ಬಿಡೋ ಔಷಧಿ ಓದ್ತಿದ್ದೆ. ಮಗುಚಿದ್ರೆ ಮೂಲವ್ಯಾಧಿ ಲೇಪ ಬಂತಲ್ಲ? ನಮ್ಮಜ್ಜ ಹೀಗೆ ಬರ್ದಿರ್ಲಿಲ್ಲ. ನಿಮ್ಮ ಯೂನಿವರ್ಸಿಟಿಯ ಹೊಸ ಚಿಕಿತ್ಸೇನಾ ಇದು?"

ಯಾರೋ ಕಿಸಕ್ಕೆಂದರು. ಗ್ರೀಷ್ಮಳ ಮುಖ ಬಿಳುಚಿತು. ಅವಳು ಮಾತಾಡುವ ಮೊದಲೇ ಟೀಚರ್ ಎದ್ದು ನಿಂತು ಮೂಸ್ ಅವರಿಗೆ ಕೈ ಮುಗಿದರು. "ತಿರುಮೇನಿ, ತಪ್ಪು ನನ್ನದು. ಕಟ್ಟೋ ಮೊದಲು ನಾನು ನೋಡ್ಲಿಲ್ಲ."

"ಹನ್ನೊಂದು ವರ್ಷ ಕೇಳಿದ್ರಿ. ಒಂದು ತಿಂಗಳು ನೋಡ್ಕೊಳ್ಳೋಕಾಗ್ಲಿಲ್ಲ. ಸರಿಮಾಡಿ ಮನೆಗೆ ಕಳಿಸಿ. ಉಳಿದದ್ದು ನಮ್ಮ ಅಟ್ಟದಲ್ಲೇ ಇರ್ಲಿ."

ಪ್ರಸಾದವನ್ನೂ ಮುಟ್ಟದೆ ಹೊರಟುಹೋದರು. ಟೀಚರ್ ಗೇಟಿನವರೆಗೆ ಹಿಂದೆಯೇ ನಡೆದರು, ಮರಳಿ ಬಂದು ಓಲೆಗಳ ಮುಂದೆ ಕೂತರು. ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿಕೊಂಡರು. ಗ್ರೀಷ್ಮ ಕಪಾಟಿನ ಹಿಂದೆ ಬಿಕ್ಕುತ್ತಿದ್ದಳು. ನಾನು ಬಯಸಿದ್ದೆಲ್ಲ ಕಣ್ಣ ಮುಂದೆಯೇ ಇತ್ತು. ಒಂದನ್ನೂ ನೋಡಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತು, ಹುಳದ ತೂತು ನೋಡಿಕೊಂಡು ಓಲೆಗಳನ್ನು ಸರಿಯಾಗಿ ಜೋಡಿಸಿ ಮುಂದಿಟ್ಟೆ. ಎರಡು ನಿಮಿಷವೂ ಆಗಲಿಲ್ಲ. ಟೀಚರ್ ಓದಿ ನೋಡಿದರು. ಕಣ್ಣಿನ ಔಷಧಿ ಕಣ್ಣಿಗೇ ಕೂಡಿತು.

"ನಿಂಗೆ ಇದು ಹೇಗೆ ಗೊತ್ತು, ಅಂಬಿಳಿ?"

ತೂತು ತೋರಿಸಿದೆ. ಅವರು ಓಲೆಗಳನ್ನು ಒಂದೊಂದಾಗಿ ಮಗುಚಿ ಆ ತೂತನ್ನು ಹಿಡಿದು ನೋಡಿದರು.

"ಯಾವಾಗ ಗೊತ್ತಾಯ್ತು?"

"ಅಷ್ಟಮಿ ದಿನವೇ ಟೀಚರ್. ಅವಳು ಎತ್ತೋವಾಗಲೇ."

ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. "ಓದೋಕೆ ಬರದಿದ್ರೆ ಕಲಿಸಬಹುದು. ನಿನ್ನ ಕಣ್ಣು ನನಗಿಂತ ಚೆನ್ನಾಗಿದೆ. ಆದ್ರೆ ತಪ್ಪು ನೋಡಿಯೂ ಸುಮ್ಮನಿರೋ ಕೈಗೆ ನಾನು ಓಲೆ ಹೇಗೆ ಕೊಡ್ಲಿ ಹೇಳು?" ಎಂದರು. ಆಮೇಲೆ ಗ್ರೀಷ್ಮಳನ್ನು ಸಮಾಧಾನ ಮಾಡಲು ಎದ್ದು ಹೋದರು. ಅವಳ ಬೆನ್ನು ಸವರುತ್ತಿದ್ದ ಆ ಕೈ ನೋಡಿದಾಗ, ಅಷ್ಟೆಲ್ಲ ಆದ ಮೇಲೂ, ನನಗೆ ಮತ್ತೆ ಹೊಟ್ಟೆ ಉರಿಯಿತು. ಅದು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಮೂಸ್ ಅವರು ಇವತ್ತಿಗೂ ವಿಲಾಸಿನಿ ಟೀಚರನ್ನೇ ಅಜಾಗರೂಕ ಹೆಂಗಸು ಎಂದುಕೊಂಡಿದ್ದಾರೆ. ಇದನ್ನು ಹೀಗೇ ಬಿಟ್ಟರೆ ಮೇ ತಿಂಗಳಲ್ಲಿ ಟೀಚರ್ ಆ ಹೆಸರು ಹೊತ್ತೇ ಮನೆಗೆ ಹೋಗಬೇಕಾಗುತ್ತದೆ. ಕಟ್ಟನ್ನು ಕುಟ್ಟಪ್ಪೇಟ್ಟನ ಕೈಯಲ್ಲಿ ಕಳಿಸುವುದೆಂದು ಮಾತಾಗಿತ್ತು. ನಾನು ಒಯ್ಯುತ್ತೇನೆ ಎಂದು ಇವತ್ತು ಕೇಳಿದೆ. ಟೀಚರ್ ಸರಿ ಎಂದರು.

ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಕಿಳಿಯೂರಿಗೆ ಹೋಗಿ, ಕಟ್ಟನ್ನು ಮೂಸ್ ಅವರ ಕೈಗೆ ಕೊಟ್ಟು, ತಪ್ಪು ಟೀಚರದ್ದಲ್ಲ, ನೋಡಿಯೂ ಸುಮ್ಮನಿದ್ದ ನನ್ನದು ಎಂದು ಹೇಳುತ್ತೇನೆ.