ಯಲ್ಮಾರಿ ಹೊಲಿದ ಬಿಳಿ ನಿಲುವಂಗಿಗಳು

ಯಲ್ಮಾರಿ ಸುತಿನೆನ್ ನಮ್ಮ ಕಡೆಯ ದರ್ಜಿ. ಅವನಿಗೆ ಅಂಗಡಿ ಅಂತ ಇರಲಿಲ್ಲ. ಶರತ್ಕಾಲ ಬಂತೆಂದರೆ ಹೊಲಿಗೆ ಮಷೀನನ್ನು ಗಾಡಿಗೆ ಹೇರಿಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದ. ಒಂದು ಮನೆಯಲ್ಲಿ ಉಳಿದು, ಅಲ್ಲೇ ಉಂಡು, ಮನೆಮಂದಿಗೆಲ್ಲ ಚಳಿಗಾಲದ ಬಟ್ಟೆ ಹೊಲಿದುಕೊಟ್ಟು ಮುಂದಿನ ಮನೆಗೆ ನಡೆಯುತ್ತಿದ್ದ. ಎಲ್ಲ ಮನೆಗಳಲ್ಲೂ ಮೂರೋ ನಾಲ್ಕೋ ದಿನದಲ್ಲಿ ಕೆಲಸ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಎರಡು ವಾರ ಹಿಡಿಯುತ್ತಿತ್ತು. ಹೊಲಿದ ತೋಳನ್ನು ಬಿಚ್ಚುತ್ತಿದ್ದ, ಮತ್ತೆ ಹೊಲಿಯುತ್ತಿದ್ದ.

"ಈ ಮನುಷ್ಯ ಕೋಟು ಹೊಲೀತಿದಾನೋ, ಚರ್ಚು ಕಟ್ತಿದಾನೋ?" ಎಂದು ಅಮ್ಮ ಗೊಣಗುತ್ತಿದ್ದಳು. ಕಾರಣ ಅವಳಿಗೂ ಗೊತ್ತಿತ್ತು. ನನ್ನ ಅಕ್ಕ ಲೆಂಪಿ ಕಾಫಿ ತಂದು ಮಷೀನಿನ ಪಕ್ಕ ಇಡುತ್ತಿದ್ದಳು. ಲೋಟ ಒಯ್ಯಲು ಬಂದವಳು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಯಲ್ಮಾರಿ ತಲೆ ಎತ್ತದೆ ಹೊಲಿಯುತ್ತಿದ್ದ. ವರ್ಷಗಟ್ಟಲೆ ನಡೆದದ್ದು ಇಷ್ಟೇ. ಅವನಿಗೆ ಮೂವತ್ತಾರು ದಾಟಿತು, ಅಕ್ಕನಿಗೆ ಮೂವತ್ತು.

ಅಷ್ಟರಲ್ಲಿ ರಷ್ಯನ್ನರ ಜೊತೆ ಯುದ್ಧ ಬಂತು. ನಾನೂ ಯಲ್ಮಾರಿಯೂ ಒಂದೇ ಕಾಲಾಳು ರೆಜಿಮೆಂಟಿನ ಒಂದೇ ಡೇರೆಗೆ ಬಿದ್ದೆವು. ಲಡೋಗಾ ಸರೋವರದ ಉತ್ತರಕ್ಕೆ, ಕಾಡಿನ ನಡುವೆ, ಒಂದು ಸಣ್ಣ ಹೊಳೆಯ ಈಚೆ ದಡ ನಮ್ಮದು, ಆಚೆ ದಡ ರಷ್ಯನ್ನರದು. ಹೊಳೆ ತಳದವರೆಗೂ ಹೆಪ್ಪುಗಟ್ಟಿದ್ದರಿಂದ ಅದು ಇದ್ದೂ ಇಲ್ಲದಂತೆಯೇ.

ಬೆಳಕು ಹರಿಯುವ ಮುಂಚೆ ಹಿಮದ ಕಂದಕಕ್ಕೆ ಹೋಗಿ ರಾತ್ರಿ ಕಾವಲಿದ್ದವರನ್ನು ಬಿಡಿಸುತ್ತಿದ್ದೆವು. ಕಣ್ಣಿಗೆ ಮರ ಕಾಣುವಷ್ಟು ಬೆಳಕಾದರೆ ಸಾಕು, ಆಚೆಯಿಂದ ಫಿರಂಗಿ ಶುರು. ಪೈನ್ ಮರಗಳು ನಡುವಿನಲ್ಲೇ ಮುರಿದು ನಮ್ಮ ಮೇಲೆ ಬೀಳುತ್ತಿದ್ದವು. ಫಿರಂಗಿ ನಿಂತ ಮೇಲೆ ಅವರು ಮರಗಳ ಸಂದಿನಿಂದ ಸಾಲುಸಾಲಾಗಿ ಬರುತ್ತಿದ್ದರು. ನಾವು ಹೊಡೆಯುತ್ತಿದ್ದೆವು. ಕೆಲವು ದಿನ ಅವರು ಹಿಂದೆ ಹೋಗುತ್ತಿದ್ದರು, ಕೆಲವು ದಿನ ನಾವು ಹಿಂದೆ ಸರಿದು ಕತ್ತಲಾಗುವ ಹೊತ್ತಿಗೆ ಅದೇ ಕಂದಕವನ್ನು ಮರಳಿ ಹಿಡಿಯುತ್ತಿದ್ದೆವು. ಮಧ್ಯಾಹ್ನ ಕಳೆಯುತ್ತಲೇ ಕತ್ತಲು. ಆಗ ಕುದುರೆಯ ಜಾರುಗಾಡಿಯಲ್ಲಿ ಬಟಾಣಿ ಸಾರು ಬರುತ್ತಿತ್ತು. ರೊಟ್ಟಿ ಕಲ್ಲಾಗದಿರಲೆಂದು ಅದನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಆಮೇಲೆ ಡೇರೆ. ನಡುವೆ ಕಬ್ಬಿಣದ ಒಲೆ, ನೆಲಕ್ಕೆ ಸ್ಪ್ರೂಸ್ ಮರದ ಸೊಪ್ಪು. ಎಲ್ಲರೂ ಒಲೆಯ ಕಡೆ ಕಾಲು ಚಾಚಿ ಮಲಗುತ್ತಿದ್ದೆವು. ಮರುದಿನವೂ ಇದೇ, ಅದರ ಮರುದಿನವೂ ಇದೇ.

ನಮ್ಮ ಕೋಟುಗಳು ಕಡು ಬೂದು ಬಣ್ಣದವು. ಹಿಮದ ಮೇಲೆ ಅವು ಎಷ್ಟು ದೂರಕ್ಕೂ ಕಾಣುತ್ತಿದ್ದವು. ಅದರಿಂದಲೇ ಮೊದಲ ವಾರಗಳಲ್ಲಿ ಬಹಳ ಮಂದಿ ಹೋದರು. ಕೊನೆಗೆ ನಮ್ಮ ತುಕಡಿಯ ಸಾರ್ಜೆಂಟ್ ಕೊಕ್ಕೊ ಒಂದು ಸಂಜೆ ಜಾರುಗಾಡಿಯ ತುಂಬ ಬಿಳಿ ಹಾಸುಬಟ್ಟೆ ತರಿಸಿದ. ಕಾಳಗದ ಸಾಲಿನ ಹಿಂದಿದ್ದ ಊರುಗಳ ಹೆಂಗಸರು ತಂತಮ್ಮ ಹಾಸಿಗೆಯ ಮೇಲಿನದನ್ನು ತೆಗೆದು ಕಳಿಸಿದ್ದರು.

"ಸುತಿನೆನ್, ಇವತ್ತಿಂದ ನಿಂಗೆ ಕಾವಲು ಅರ್ಧ," ಎಂದ ಸಾರ್ಜೆಂಟ್. "ಮಿಕ್ಕಿದ್ ಹೊತ್ತು ಸೂಜಿ ಹಿಡಿ. ಎಲ್ಲಾರ್ಗೂ ಒಂದೊಂದು ನಿಲುವಂಗಿ, ಟೋಪಿ ಸಮೇತ."

"ಅಳತೆ ತಗೋಬೇಕಲ್ಲ."

"ಮೈ ಮುಚ್ಚೋ ಅಷ್ಟಿದ್ರೆ ಸಾಕು ಮಾರಾಯ. ನಾವೇನು ಕುಣಿಯೋಕೆ ಹೋಗ್ತಿದೀವಾ?"

ಆದರೂ ಯಲ್ಮಾರಿ ಅಳತೆ ತೆಗೆದ. ದಾರದಲ್ಲಿ ಗಂಟು ಹಾಕಿ ಒಬ್ಬೊಬ್ಬರ ಭುಜ ಅಳೆದ. ಬಂದೂಕು ಎತ್ತುವಾಗ ಕಂಕುಳು ಹಿಡಿಯಬಾರದು, ಓಡುವಾಗ ಅಂಚು ಕಾಲಿಗೆ ಸಿಕ್ಕಬಾರದು ಎನ್ನುತ್ತಿದ್ದ. ಮರದ ದಿಮ್ಮಿ ಸಾಗಿಸುವ ಕೆಲಸದ ನೀಲೊ ಎಂಬ ದೈತ್ಯನೊಬ್ಬ ನಮ್ಮೊಂದಿಗಿದ್ದ. ಅವನಿಗೆ ಎರಡು ಹಾಸುಬಟ್ಟೆ ಬೇಕಾದವು.

"ನಿಂಗೆ ಹೊಲಿಯೋದೂ ಒಂದೇ, ಡೇರೆ ಹೊಲಿಯೋದೂ ಒಂದೇ," ಎಂದ ಯಲ್ಮಾರಿ.

"ಒಳಗೆ ಒಲೆ ಇಟ್ಬಿಡು, ನೀವೆಲ್ಲ ಬಂದು ಮಲಕ್ಕೋಬೋದು," ಎಂದ ನೀಲೊ.

ಅರ್ಧ ರಾಶಿ ಮುಗಿದಿತ್ತು. ಒಂದು ಸಂಜೆ ಯಲ್ಮಾರಿ ಒಂದು ಹಾಸುಬಟ್ಟೆ ಬಿಡಿಸಿದವನು ಕತ್ತರಿ ಆಡಿಸದೆ ಹಾಗೇ ಕುಳಿತುಬಿಟ್ಟ. ನಾನು ಹತ್ತಿರ ಹೋಗಿ ನೋಡಿದೆ. ದಪ್ಪ ನೂಲಿನ ಒಳ್ಳೆಯ ನೇಯ್ಗೆ. ಮೂಲೆಯಲ್ಲಿ ಕೆಂಪು ದಾರದಲ್ಲಿ ಲೆಂಪಿಯ ಹೆಸರಿನ ಮೊದಲಕ್ಷರ, ಅದರ ಸುತ್ತ ಎಲೆಗಳು.

"ನಮ್ಮಕ್ಕಂದು," ಎಂದೆ.

"ಗೊತ್ತು."

"ಮದುವೆಗೆ ಅಂತ ನೇಯ್ದಿಟ್ಟಿದ್ದು."

"ಗೊತ್ತು ಅಕ್ಸೆಲಿ. ಅವ್ಳು ಈ ಎಲೆ ಹಾಕ್ತಿದ್ದಾಗ ನಾನು ಎದುರಿಗೇ ಕೂತಿದ್ದೆ." ಸ್ವಲ್ಪ ಹೊತ್ತು ಬಟ್ಟೆಯನ್ನು ಕೈಯಿಂದ ಸವರಿ, "ಯಾಕೆ ಕೊಟ್ಬಿಟ್ಲು?" ಎಂದ.

ಮಲಗಿದ್ದಲ್ಲಿಂದಲೇ ನೀಲೊ ಹೇಳಿದ: "ಕಾದು ಕಾದು ಸಾಕಾಗಿರ್ಬೇಕು."

ಡೇರೆಗೆ ಡೇರೆಯೇ ನಕ್ಕಿತು. ಯಲ್ಮಾರಿಯ ಕಿವಿ ಕೆಂಪಾಯಿತು. ಅದನ್ನು ನನಗೆ ಹೊಲಿಯುತ್ತೇನೆ, ತಮ್ಮನಿಗೇ ಸೇರಬೇಕಾದ್ದು ಎಂದ. ನಾನು ಒಪ್ಪಲಿಲ್ಲ. ಸಾರ್ಜೆಂಟ್ ಕೊಕ್ಕೊ ಬೂಟು ಒಣಗಿಸುತ್ತಿದ್ದವನು ತಲೆ ಎತ್ತಿ, "ಅದನ್ನ ಸುತಿನೆನ್ನೇ ಹಾಕ್ಕೋಬೇಕು. ಇದು ಆಜ್ಞೆ," ಎಂದ. ಆ ಹೊತ್ತಿನಿಂದ ಯಲ್ಮಾರಿ ಇಡೀ ಡೇರೆಗೆ ಭಾವನಾದ. "ಭಾವಾ, ಕಾಫಿ ಇದೆಯಾ?" "ಭಾವಾ, ತಲೆ ತಗ್ಗಿಸು." ಸಾರ್ಜೆಂಟನೂ ಹಾಗೇ ಕರೆಯತೊಡಗಿದ. ಕೆಂಪು ಅಕ್ಷರವನ್ನು ಅವನು ಕತ್ತರಿಸಲಿಲ್ಲ. ಎದೆಯ ಭಾಗದಲ್ಲಿ ಒಳಮಗ್ಗುಲಿಗೆ ಬರುವಂತೆ ಮಡಚಿ ಹೊಲಿದುಕೊಂಡ.

ಒಮ್ಮೆ ಇಬ್ಬರೂ ಕಂದಕದಲ್ಲಿದ್ದಾಗ ನಾನೇ ಕೇಳಿದೆ: "ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ಯಾಕೆ?"

"ನಂಗೊಂದು ಮನೆ ಇಲ್ಲ. ಊರೂರು ತಿರುಗೋ ಬಾಳು. ಕೇಳಿ ಅವಳು ಇಲ್ಲ ಅಂದ್ರೆ, ಮಾರನೇ ವರ್ಷ ನಿಮ್ಮನೆಗೆ ಹೊಲಿಯೋಕೆ ಹೇಗೆ ಬರ್ಲಿ?"

"ಹೂಂ ಅಂದಿದ್ರೆ?"

ಅದನ್ನು ಅವನು ಯೋಚಿಸಿಯೇ ಇರಲಿಲ್ಲವೆಂದು ಕಾಣುತ್ತದೆ. ಬಂದೂಕಿನ ಮೇಲಿನ ಹಿಮ ಒರೆಸತೊಡಗಿದ.

ಫೆಬ್ರವರಿಯಲ್ಲಿ ಒಂದು ಸಂಜೆ ಕಳೆದುಕೊಂಡ ಕಂದಕವನ್ನು ಮರಳಿ ಹಿಡಿಯಲು ಹೋದೆವು. ಹಿಡಿದೆವು ಕೂಡ. ಎಣಿಸಿ ನೋಡಿದಾಗ ನೀಲೊ ಇರಲಿಲ್ಲ. ಮುಂದಿನ ಬಯಲಿನಲ್ಲಿ ಬಿದ್ದಿದ್ದ. ಬಿಳಿಯ ಮೇಲೆ ಬಿಳಿ, ಕಣ್ಣಿಗೆ ಬೀಳುತ್ತಿರಲಿಲ್ಲ, ನರಳುವುದು ಮಾತ್ರ ಕೇಳುತ್ತಿತ್ತು.

"ಅವನ ಅಂಗಿ ನಾನು ಹೊಲಿದಿದ್ದು. ಎಲ್ಲಿ ಹಿಡಿದು ಎಳೆದ್ರೆ ಹರಿಯಲ್ಲ ಅಂತ ನಂಗೆ ಗೊತ್ತು," ಎಂದ ಯಲ್ಮಾರಿ. ಅದು ಹೋಗಲು ಒಂದು ನೆಪವಷ್ಟೇ. ನಾನೂ ಹೊರಟೆ. ಇಬ್ಬರೂ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ನೀಲೊನನ್ನು ದೋಣಿಯಂಥ ಸಣ್ಣ ಜಾರುಬಂಡಿಗೆ ಹಾಕಿ ಎಳೆದೆವು. ಇನ್ನೇನು ಕಂದಕ ಬಂತು ಎನ್ನುವಾಗ ಹಿಂದೆ ಒಂದು ಗುಂಡು ಸಿಡಿಯಿತು. ಯಲ್ಮಾರಿ ಕೂಗಲಿಲ್ಲ. ಹಗ್ಗವನ್ನು ಎಡಗೈಗೆ ಬದಲಿಸಿಕೊಂಡು ಎಳೆಯುತ್ತಲೇ ಇದ್ದ. ಒಳಗೆ ಬಂದ ಮೇಲೆ ನೋಡಿದರೆ ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ.

ಚಿಕಿತ್ಸೆಯ ಡೇರೆಯಲ್ಲಿ ಅವರಿಬ್ಬರನ್ನೂ ಪಕ್ಕಪಕ್ಕದಲ್ಲಿ ಮಲಗಿಸಿದರು. ನೀಲೊಗೆ ಹೊಟ್ಟೆಯಲ್ಲಿ ಗಾಯ. ಚಳಿ ಎನ್ನುತ್ತಿದ್ದ. ಯಲ್ಮಾರಿ ಎದ್ದು ಕುಳಿತು, ಎಡಗೈಯೊಂದರಿಂದಲೇ ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿದ. ಬಹಳ ಹೊತ್ತು ಹಿಡಿಯಿತು. ನೀಲೊ ಅವನನ್ನೇ ನೋಡುತ್ತಿದ್ದ.

"ಭಾವಾ, ಮದುವೆಗೆ ನನ್ನ ಕರೀದೆ ಇದ್ದೀಯಾ ಮತ್ತೆ."

"ನಿನ್ನ ಕರೆದ್ರೆ ಊಟ ಸಾಲುತ್ತೇನೋ?"

ನೀಲೊ ನಗಲು ನೋಡಿದ. ಬೆಳಗಾಗುವ ಹೊತ್ತಿಗೆ ತೀರಿಕೊಂಡ. ಯಲ್ಮಾರಿಯನ್ನು ರೈಲಿಗೆ ಹತ್ತಿಸಿ ದೂರದ ಆಸ್ಪತ್ರೆಗೆ ಕಳಿಸಿದರು. ರಕ್ತ ಹಿಡಿದು ಗಟ್ಟಿಯಾಗಿದ್ದ ಅವನ ನಿಲುವಂಗಿಯನ್ನು ಅಲ್ಲಿ ಸುಟ್ಟುಹಾಕಿದರಂತೆ.

ಮಾರ್ಚಿನಲ್ಲಿ ಯುದ್ಧ ನಿಂತಿತು. ಹೊಸ ಗಡಿ ಎಳೆದಾಗ ನಮ್ಮೂರು ಆಚೆಗೆ, ರಷ್ಯನ್ನರ ಪಾಲಿಗೆ ಹೋಯಿತು. ಊರಿಗೆ ಊರೇ ಹಸುಗಳನ್ನು ಹೊಡೆದುಕೊಂಡು ಪಶ್ಚಿಮಕ್ಕೆ ನಡೆಯಿತು. ನಮ್ಮನ್ನು ಹ್ಯಾಮೆ ಪ್ರಾಂತ್ಯದಲ್ಲಿ ಪೆಂತಿಲ ಎಂಬ ರೈತನ ಮನೆಗೆ ಹಂಚಿದರು. ಆಳುಗಳ ಕೋಣೆ ನಮ್ಮದಾಯಿತು. ಯಲ್ಮಾರಿಯ ಕಥೆಯನ್ನು ನಾನು ಅಕ್ಕನಿಗೆ ಹೇಳಿದೆ, ನಿಲುವಂಗಿಯ ವಿಷಯವನ್ನೂ ಬಿಡದೆ. ಅವಳು ಪೂರ್ತಿ ಕೇಳಿಸಿಕೊಂಡು, "ಒಂಟಿ ಕೈಯಲ್ಲಿ ಊಟ ಹೇಗೆ ಮಾಡ್ತಾರೋ," ಎಂದಳು.

ಬೇಸಿಗೆ ಶುರುವಾದ ಮೇಲೆ ಅವನು ಬಂದ. ನಾನು ಪೆಂತಿಲನ ಕೊಟ್ಟಿಗೆಯ ಮಾಡಿನ ಮೇಲೆ ಹಲಗೆ ಬಡಿಯುತ್ತಿದ್ದೆ. ಕೆಳಗೆ ಅಂಗಳದಲ್ಲಿ ಅಕ್ಕ ಹಾಲು ಕರೆಯುತ್ತಿದ್ದಳು. ನೊಣದ ಕಾಟಕ್ಕೆ ಹಸು ಬಾಲ ಬೀಸಿ ಬೀಸಿ ಅವಳ ಮುಖಕ್ಕೆ ಹೊಡೆಯುತ್ತಿತ್ತು. ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು ಯಲ್ಮಾರಿ ಬೇಲಿಯ ಹತ್ತಿರ ನಿಂತ.

"ಅಕ್ಸೆಲಿನ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಮೇಲೆ ಇದಾನೆ. ಕಾಣ್ತಿದಾನಾ?"

ಅವನು ತಲೆ ಎತ್ತಿ ನನ್ನನ್ನು ನೋಡಿದ. ನನ್ನ ಬಾಯಲ್ಲಿ ಮೊಳೆಗಳಿದ್ದವು, ಮಾತಾಡಲಾಗಲಿಲ್ಲ.

"ಕಾಣ್ತಿದಾನೆ."

"ನೋಡಾಯ್ತಲ್ಲ. ಈಗ ಬಂದು ಈ ಬಾಲ ಹಿಡ್ಕೊಳ್ಳಿ."

ಅವನು ಬಂದು ಎಡಗೈಯಲ್ಲಿ ಬಾಲ ಹಿಡಿದು ನಿಂತ.

"ಆ ಕೈ ತೋರಿಸಿ," ಎಂದಳು ಅಕ್ಕ. ಅವನು ಜೇಬಿನಿಂದ ತೆಗೆದ. ಅವಳು ಕರೆಯುವುದನ್ನು ನಿಲ್ಲಿಸಿ, ಆ ಕೈಯನ್ನು ತನ್ನ ಒದ್ದೆ ಕೈಯಲ್ಲಿ ತೆಗೆದುಕೊಂಡು ನೋಡಿದಳು. "ನೋವಿದೆಯಾ?"

"ಚಳಿಗೆ ನೋಯತ್ತೆ."

"ಈಗ ಬೇಸಿಗೆ."

"ಲೆಂಪಿ, ನನ್ನ ಕೈಲಿ ಇನ್ನು ಹೊಲಿಯೋಕಾಗಲ್ಲ. ಅದನ್ನ ಹೇಳ್ಬೇಕಿತ್ತು."

"ಹೊಲಿಯೋಕೆ ನಂಗೆ ಬರತ್ತೆ. ಕತ್ತರಿಸೋದೇ ಗೊತ್ತಾಗಲ್ಲ. ನೀವು ಎಡಗೈಲಿ ಕತ್ತರಿ ಹಿಡಿಯೋದು ಕಲೀರಿ." ಹಾಗೆಂದವಳು ಮತ್ತೆ ಹಾಲು ಕರೆಯತೊಡಗಿದಳು. ಯಲ್ಮಾರಿ ಬಾಲ ಬಿಡಲಿಲ್ಲ. ನಾನು ಮೊಳೆ ಬಡಿಯಲೂ ಇಲ್ಲ, ಇಳಿಯಲೂ ಇಲ್ಲ.

ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು. ಅವರಿಬ್ಬರೂ ಸೇರಿ ಹೊಲಿದ ಮೊದಲ ಕೋಟು ಪೆಂತಿಲನದು. ಎಡಗೈಯ ಕತ್ತರಿ ಇನ್ನೂ ಹದಕ್ಕೆ ಬಂದಿರಲಿಲ್ಲ. ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದವಾಯಿತು. ಯಲ್ಮಾರಿ ನಾಚಿ, ಬಿಚ್ಚಿ ಮತ್ತೆ ಹೊಲಿಯುತ್ತೇನೆಂದ. ಪೆಂತಿಲ ಹೆಚ್ಚು ಮಾತಿನವನಲ್ಲ. ಕನ್ನಡಿಯ ಮುಂದೆ ನಿಂತು ಅತ್ತ ಇತ್ತ ತಿರುಗಿ, "ಬೆಚ್ಚಗಿದೆ," ಎಂದಷ್ಟೇ ಹೇಳಿ ಹೊರಟ. ಅದನ್ನು ತೊಟ್ಟುಕೊಂಡೇ ಭಾನುವಾರಗಳಂದು ಚರ್ಚಿಗೆ ಬರುತ್ತಿದ್ದ. ಆ ಉದ್ದ ತೋಳಿನ ಕೈಯನ್ನು ಮಾತ್ರ ಯಾವಾಗಲೂ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದ.