ಝಡತಿ ಕೊಟ್ಟ ನೀಲಾಬಾಯಿ

ಪವಾಯಿ ಗುಡ್ಡದ ಚಾಳಿನಲ್ಲಿ ನೀಲಾಬಾಯಿಯನ್ನು ಅವಳ ದನಿಯಿಂದಲೇ ಗುರುತಿಸುತ್ತಿದ್ದರು. ನೀರಿನ ಟ್ಯಾಂಕರ್ ಬಂದಾಗ ಅವಳೊಬ್ಬಳು ಕೂಗಿದರೆ ಸಾಕು, ಗುಡ್ಡದ ತುದಿಯ ಮನೆಯವರೂ ಕೊಡ ಹಿಡಿದು ಇಳಿಯುತ್ತಿದ್ದರು. ಇಂಡಿ ತಾಲೂಕಿನ ಒಂದು ಹಳ್ಳಿಯಿಂದ ಗಂಡ ರಾಮಪ್ಪನ ಜೊತೆ ಬಂದವಳು. ಬಂದ ಹೊಸದರಲ್ಲಿ ಇಬ್ಬರೂ ಕಟ್ಟಡಗಳ ಕೆಲಸಕ್ಕೆ ಹೋದರು. ಮರಳು ಹೊತ್ತು ಹೊತ್ತು ಸೊಂಟ ಹಿಡಿದುಕೊಂಡ ಮೇಲೆ ಅವಳು ಕೆರೆ ದಂಡೆಯ ದೊಡ್ಡ ಸೊಸೈಟಿಯೊಂದರಲ್ಲಿ ಮನೆಗೆಲಸ ಹಿಡಿದಳು. ರಾಮಪ್ಪ ಸೆಂಟ್ರಿಂಗ್ ಕೆಲಸದಲ್ಲೇ ಉಳಿದ. ಮಗಳು ಶಿವಕುಮಾರಿ ಸಯನ್‌ನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿದ್ದಳು. ಮೂವರ ಸಂಸಾರ ಹೇಗೋ ಸರಿಯಾಗಿಯೇ ನಡೆದಿತ್ತು.

ಅವಳು ನಾಟಕಕ್ಕೆ ಸಿಕ್ಕಿದ್ದೂ ಆ ದನಿಯಿಂದಲೇ. ವಿಲೆ ಪಾರ್ಲೆಯಲ್ಲಿ ಸಣ್ಣದೊಂದು ನಾಟಕ ತಂಡ ಕಟ್ಟಿಕೊಂಡಿದ್ದ ನಮಿತಾ ಎಂಬ ನಿರ್ದೇಶಕಿ, ಮನೆಗೆಲಸದ ಹೆಂಗಸರ ಮೇಲೆ ನಾಟಕ ಮಾಡಬೇಕೆಂದು ಗುಡ್ಡಕ್ಕೆ ಬಂದಳು. ಅಂಗನವಾಡಿ ಕೋಣೆಯಲ್ಲಿ ಹೆಂಗಸರನ್ನೆಲ್ಲ ಕೂರಿಸಿ, ನಿಮ್ಮ ಕಥೆ ಹೇಳಿ ಎಂದಳು. ಉಳಿದವರು ಮುಖ ಮುಖ ನೋಡಿಕೊಂಡು ನಕ್ಕರು. ನೀಲಾಬಾಯಿ ಗೇಟಿನ ಕಥೆ ಹೇಳಿದಳು.

ಆ ಸೊಸೈಟಿಯಿಂದ ಹೊರಗೆ ಹೋಗುವಾಗ ಕೆಲಸದವರೆಲ್ಲ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಗೇಟಿನಲ್ಲಿದ್ದವನು ಸಿಂದಗಿ ಕಡೆಯ ಶ್ರೀಶೈಲ. ತಮ್ಮನ ವಯಸ್ಸಿನವನು. ಚೀಲದೊಳಗೆ ಕೈ ಹಾಕಿದವನಿಗೆ ಅವಳ ಮುಟ್ಟಿನ ಬಟ್ಟೆ ಸಿಕ್ಕಿತು. ಕೆಂಡ ಮುಟ್ಟಿದವನ ಹಾಗೆ ಕೈ ತೆಗೆದ. ಮುಖ ಆ ಕಡೆ ತಿರುಗಿಸಿ, "ತಪ್ಪ ತಿಳೀಬ್ಯಾಡ ಯಕ್ಕಾ, ನನ್ನ ಮ್ಯಾಲೂ ಕ್ಯಾಮೆರಾ ಐತಿ" ಎಂದ.

ಹರಕು ಹಿಂದಿಯಲ್ಲಿ ಇದನ್ನು ಹೇಳಿ ಮುಗಿಸಿದಾಗ ನಮಿತಾಳ ಕಣ್ಣುಗಳು ಹೊಳೆಯುತ್ತಿದ್ದವು. ನಾಟಕ ಅಲ್ಲಿಂದಲೇ ಹುಟ್ಟಿತು. ಹೆಸರು 'ಝಡತಿ', ಎಂದರೆ ಮೈ, ಚೀಲ ತಡಕಿ ನೋಡುವ ತಪಾಸಣೆ. ಮರಾಠಿಯವರಿಗೂ ತಿಳಿಯುತ್ತದೆ, ನೀಲಾಬಾಯಿಗೂ ತಿಳಿಯುತ್ತದೆ.

ನಾಟಕದ ಉಳಿದ ಭಾಗವೆಲ್ಲ ಹಿಂದಿಯಲ್ಲಿ, ಕಲಿತ ನಟಿಯರು ಮಾಡುತ್ತಿದ್ದರು. ನೀಲಾಬಾಯಿಗೆ ಎರಡೇ ಕೆಲಸ. ನಡುವೆ ಒಮ್ಮೆ ಎದ್ದು ನಿಂತು ಗೇಟಿನ ಕಥೆಯನ್ನು ತನ್ನದೇ ಕನ್ನಡದಲ್ಲಿ ಹೇಳಬೇಕು. ಅದಕ್ಕೂ ಮೊದಲು, ಪ್ರೇಕ್ಷಕರು ಒಳಗೆ ಬರುವಾಗ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಬ್ಯಾಗು, ಪರ್ಸು ಬಿಚ್ಚಿ ನೋಡಬೇಕು. ಬಿಚ್ಚದವರಿಗೆ ಒಳಗೆ ಪ್ರವೇಶವಿಲ್ಲ.

ರಾಮಪ್ಪನಿಗೆ ಇದು ಒಂದಿಷ್ಟೂ ಸೇರಲಿಲ್ಲ.

"ಮಂದಿ ಮುಂದ ನಿಂತ ಮುಟ್ಟಿನ ಬಟ್ಟಿ ಮಾತ ಆಡ್ತೀಯೇನ? ನಾಚಿಕಿ ಬರೂದಿಲ್ಲ?"

"ಅಲ್ಲಿ ಬರೂ ಮಂದೀಗೆ ಕನ್ನಡ ಎಲ್ಲಿ ತಿಳೀತೈತಿ, ಬಿಡ್ರಿ."

"ತಿಳೀದಿದ್ರ ಯಾಕ ಹೇಳ್ತಿ?"

ಆದರೂ ಹೋದಳು.

ಮೊದಲ ಪ್ರಯೋಗದ ದಿನ ನೀಲಾಬಾಯಿ ಬಾಗಿಲಲ್ಲಿ ನಿಂತಳು. ಎದುರಿಗೆ ನಿಂತ ಹೆಂಗಸು ಅವಳು ಕೆಲಸ ಮಾಡುವ ಮನೆಯ ಮೇಡಮ್‌ನಂತೆಯೇ ಇದ್ದಳು. ಅದೇ ಥರದ ಸೀರೆ, ಅದೇ ಥರದ ಕನ್ನಡಕ. ನೀಲಾಬಾಯಿ ಆ ಚರ್ಮದ ಪರ್ಸಿನೊಳಗೆ ಕೈ ಇಳಿಸಿದಳು. ಮೆತ್ತಗಿನ ಅಸ್ತರು, ಲಿಪ್‌ಸ್ಟಿಕ್ಕು, ಗುಳಿಗೆಯ ಪಾಕೀಟು. ಆ ಹೆಂಗಸು ಉಸಿರು ಹಿಡಿದು ನಿಂತಿದ್ದಳು. "ಹಾಂ, ಹೋಗ್ರಿ" ಎಂದು ನೀಲಾಬಾಯಿ ಅಂದಾಗ ಅವಳು "ಥ್ಯಾಂಕ್ಯೂ" ಎಂದಳು. ನೀಲಾಬಾಯಿಗೆ ನಗು ತಡೆಯಲಾಗಲಿಲ್ಲ.

ಜನ ಒಬ್ಬೊಬ್ಬರು ಒಂದೊಂದು ರೀತಿ ನಡೆದುಕೊಂಡರು. ಕಾಲೇಜು ಹುಡುಗಿಯರು ಕಿಸಿಕಿಸಿ ನಕ್ಕು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಕೆಲವರು ಅವಳು ಕೇಳುವ ಮೊದಲೇ ಬ್ಯಾಗನ್ನು ಪೂರ್ತಿ ಬಿಚ್ಚಿ, ತಾವೆಷ್ಟು ಒಳ್ಳೆಯವರು ನೋಡು ಎನ್ನುವಂತೆ ಅವಳ ಮುಖ ನೋಡಿದರು. ವಯಸ್ಸಾದ ಒಬ್ಬರು, ಹಣ ಕೊಟ್ಟು ಅವಮಾನ ಮಾಡಿಸಿಕೊಳ್ಳಲು ಬಂದಿಲ್ಲ ಎಂದು ಕೂಗಾಡಿ ಹೊರಟುಹೋದರು. ನಮಿತಾಳಿಗೆ ಅವರು ಹೋದದ್ದೇ ಹೆಚ್ಚು ಖುಷಿ. "ನೋಡಿದೆಯಾ ಮೌಶಿ, ಚುಚ್ಚಬೇಕಾದಲ್ಲೇ ಚುಚ್ಚಿದೆ" ಎಂದು ಹಿಂದಿಯಲ್ಲಿ ಹೇಳಿ ಅವಳ ಭುಜ ತಟ್ಟಿದಳು.

ನಾಟಕ ಮುಗಿದ ಮೇಲೆ ಚಹಾ, ಚರ್ಚೆ. ಬಂದವರು ನೀಲಾಬಾಯಿಯ ವಿಷಯ ನಮಿತಾಳನ್ನು ಕೇಳುತ್ತಿದ್ದರು. ಇವಳು ನಿಜವಾಗಿಯೂ ಕೆಲಸದವಳೇ? ಅವಳಿಗೆ ಈ ನಾಟಕ ಅರ್ಥವಾಗುತ್ತದೆಯೇ? ನೀಲಾಬಾಯಿ ಅಲ್ಲೇ ಪಕ್ಕದಲ್ಲಿ ಕಪ್ಪು ಹಿಡಿದು ನಿಂತಿರುತ್ತಿದ್ದಳು. ಕೊನೆಗೆ ಯಾರಾದರೂ ಅವಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳಿಗೆ ಬೇಜಾರಾಗುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಲ್ಲ. ಬಾಗಿಲಲ್ಲಿ ನಿಲ್ಲುವ ಅಷ್ಟು ಹೊತ್ತು ಅವಳಿಗೆ ಹಿಡಿಸಿತ್ತು. ಮುಖ ಸಿಂಡರಿಸಿದವರ ಬ್ಯಾಗನ್ನು ಬೇಕೆಂದೇ ತಳ ಮುಟ್ಟುವವರೆಗೆ ಕೆದಕುತ್ತಿದ್ದಳು. ಮನೆಗೆ ಬಂದು ಅವರ ಮುಖಗಳನ್ನು ಶಿವಕುಮಾರಿಗೆ ಮಾಡಿ ತೋರಿಸುತ್ತಿದ್ದಳು. ಮಗಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನದ ಪ್ರಯೋಗಕ್ಕೆ ಅನುರಾಧಾ ಬಂದರು. ಸಯನ್‌ನಲ್ಲಿ ಮನೆ, ಗಂಡ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರು, ತವರು ಧಾರವಾಡ. ಬಾಗಿಲಲ್ಲಿ ಸುಮ್ಮನೆ ಪರ್ಸು ತೋರಿಸಿ ಒಳಗೆ ಹೋದರು. ನಾಟಕದ ನಡುವೆ ನೀಲಾಬಾಯಿ ಎದ್ದು ಗೇಟಿನ ಕಥೆ ಹೇಳುವಾಗ ಎರಡನೇ ಸಾಲಿನಲ್ಲಿ ಯಾರೋ ಬಿಕ್ಕುವುದು ಕೇಳಿಸಿತು. ಅಲ್ಲಿಯವರೆಗೆ ಅವಳ ಮಾತಿಗೆ ಜನ ತಲೆದೂಗುತ್ತಿದ್ದರು. ಆ ಜಾಗದಲ್ಲಿ, ಆ ಮಾತಿಗೆ ಸರಿಯಾಗಿ ಯಾರೂ ಅತ್ತಿರಲಿಲ್ಲ.

ಮುಗಿದ ಕೂಡಲೇ ಅನುರಾಧಾ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ನೀವು ನಮ್ಮ ಕಡೇದವ್ರ ಏನ್ರೀ? ಎಷ್ಟ ಛಂದ ಹೇಳಿದ್ರಿ. ನನ್ನ ಎದಿ ಒಡದ ಹೋತ ನೋಡ್ರಿ."

"ಇಂಡಿ ತಾಲೂಕ್ರಿ ನಮ್ಮದು."

"ಇಷ್ಟ ಮಂದ್ಯಾಗ ನನಗೊಬ್ಬಾಕಿಗೇ ನಿಮ್ಮ ಮಾತ ತಿಳೀತು. ಒಮ್ಮೆ ನಮ್ಮ ಮನೀಗೆ ಊಟಕ್ಕ ಬರ್ರಿ. ಬರಬೇಕ ಮತ್ತ."

ತಿಳಿಯದಿದ್ದರೆ ಯಾಕೆ ಹೇಳುತ್ತೀ ಎಂದು ಕೇಳಿದ್ದ ರಾಮಪ್ಪನಿಗೆ ಇವರನ್ನು ತೋರಿಸಬೇಕು ಎಂದು ನೀಲಾಬಾಯಿಗೆ ಅನ್ನಿಸಿತು. ಅನುರಾಧಾ ಅವಳನ್ನು ತಬ್ಬಿಕೊಂಡು, ಕಣ್ಣೊರೆಸಿಕೊಳ್ಳಲು ಕರವಸ್ತ್ರಕ್ಕಾಗಿ ಪರ್ಸು ಬಿಚ್ಚಿದರು. ಹುಡುಕಿದರು. ಮತ್ತೆ ಹುಡುಕಿದರು. ಬೆರಳು ಊದಿಕೊಂಡಿದ್ದರಿಂದ ವಜ್ರದ ಉಂಗುರ ತೆಗೆದು ಪರ್ಸಿನ ಒಳಜೇಬಿನಲ್ಲಿ ಇಟ್ಟಿದ್ದರಂತೆ. ಅದು ಇರಲಿಲ್ಲ.

ಅವರ ಗಂಡ ಬಂದರು, ತಂಡದವರು ಬಂದರು, ಕುರ್ಚಿಗಳ ಕೆಳಗೆ ಟಾರ್ಚು ಹಾಕಿ ನೋಡಿದರು. ಚಹಾ ಕುಡಿಯುತ್ತಿದ್ದವರೆಲ್ಲ ಸುತ್ತ ಸೇರಿದರು. ಪರ್ಸು ಬೇರೆ ಯಾರಾದರೂ ಮುಟ್ಟಿದ್ದರೇ ಎಂದು ಒಬ್ಬರು ಕೇಳಿದರು. ಎಲ್ಲರೂ ನೀಲಾಬಾಯಿಯ ಕಡೆ ನೋಡಿದರು, ನೋಡಿ ಕೂಡಲೇ ಬೇರೆ ಕಡೆ ನೋಡಿದರು.

ಅನುರಾಧಾ ಅವಳ ತೋಳು ಹಿಡಿದು ಸ್ವಲ್ಪ ಆಚೆಗೆ ಕರೆದುಕೊಂಡು ಹೋದರು. ದನಿ ತಗ್ಗಿಸಿ, ಕನ್ನಡದಲ್ಲಿಯೇ ಹೇಳಿದರು.

"ನೋಡವ್ವಾ, ತಗೊಂಡಿದ್ರ ಕೊಟ್ಬಿಡ. ನಾ ಯಾರ ಮುಂದೂ ಹೇಳೂದಿಲ್ಲ. ನಿನ್ನ ಕಷ್ಟ ನನಗ ತಿಳೀತದ."

ಆಗತಾನೆ 'ನೀವು' ಎಂದಿದ್ದ ಬಾಯಿ ಈಗ 'ನಿನ್ನ' ಎಂದಿತ್ತು. ನೀಲಾಬಾಯಿಗೆ ಮೊದಲು ಕೇಳಿಸಿದ್ದೇ ಅದು. ಕಳವಿನ ಮಾತು ಆಮೇಲೆ ಅರ್ಥವಾಯಿತು.

"ನಾ ತಗೊಂಡಿಲ್ರಿ" ಎಂದಳು. ಊರೆಲ್ಲ ಕೇಳಿಸುವ ಅವಳ ದನಿ ಅಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ.

ನಮಿತಾ ಬಂದಳು. ಅವಳ ಮುಖ ಬಿಳಿಚಿತ್ತು. ಪೊಲೀಸರು, ಕಂಪ್ಲೇಂಟು ಎಂದರೆ ಥಿಯೇಟರಿನವರು ಮತ್ತೆ ಜಾಗ ಕೊಡುವುದಿಲ್ಲ, ನಾಟಕವೇ ನಿಂತುಹೋಗುತ್ತದೆ ಎಂದು ಪಿಸುಗುಟ್ಟಿದಳು. "ಮೌಶಿ, ನನಗೆ ನಿನ್ನ ಮೇಲೆ ಪೂರ್ತಿ ನಂಬಿಕೆ ಇದೆ. ಒಮ್ಮೆ ಚೀಲ ತೋರಿಸಿಬಿಡು, ಅಲ್ಲಿಗೆ ಮುಗಿಯುತ್ತದೆ."

ನೀಲಾಬಾಯಿ ಒಳಗಿನಿಂದ ತನ್ನ ಚೀಲ ತಂದು ಚಹಾದ ಮೇಜಿನ ಮೇಲೆ ಬೋರಲು ಹಾಕಿದಳು. ಎಲೆಅಡಿಕೆಯ ಸಂಚಿ, ಲೋಕಲ್ ಪಾಸು, ಖಾಲಿ ಡಬ್ಬಿ, ಒಂದು ಬಾಚಣಿಕೆ. ಗುಂಪಿನಲ್ಲಿ ಯಾರೋ ಇಂಗ್ಲಿಷಿನಲ್ಲಿ, ಚೀಲದಲ್ಲೇ ಇಡುತ್ತಾಳೆಂದು ಹೇಗೆ ಹೇಳುವುದು ಎಂದರು. ಅವಳಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಸೆರಗು ಬಿಚ್ಚಿ ಕೊಡವಿದಳು. ಸೊಂಟಕ್ಕೆ ಸಿಕ್ಕಿಸಿದ್ದ ನಿರಿಗೆ ಸಡಿಲಿಸಿ ಕೊಡವಿದಳು. ಕುಪ್ಪಸದೊಳಗಿನ ಪುಟ್ಟ ಪರ್ಸು ತೆಗೆದು ಮೇಜಿನ ಮೇಲೆ ಇಟ್ಟಳು. ಕಣ್ಣೀರು ತಾನಾಗಿಯೇ ಇಳಿಯುತ್ತಿತ್ತು. ಒರೆಸಿಕೊಳ್ಳಲು ಸೆರಗು ಹೆಗಲ ಮೇಲೆ ಇರಲಿಲ್ಲ.

ಆಗ ಹಿಂದಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು.

ಇದು ನಾಟಕದ ನಿಜವಾದ ಕೊನೆ, ಇಷ್ಟು ಹೊತ್ತು ತಮಗೆ ತಿಳಿಯಲೇ ಇಲ್ಲ ಎಂದುಕೊಂಡವರು ಅಲ್ಲಿ ಬಹಳ ಜನ ಇದ್ದರು. ಚಪ್ಪಾಳೆ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಮೊಬೈಲುಗಳು ಮೇಲೆದ್ದವು. ಒಬ್ಬ ತರುಣ 'ಬ್ರಿಲಿಯಂಟ್' ಎಂದು ಕೂಗಿದ. ನೀಲಾಬಾಯಿ ನಮಿತಾಳನ್ನು ನೋಡಿದಳು. ನಾಟಕ ಅಲ್ಲ, ನಿಲ್ಲಿಸಿ ಎಂದು ಅವಳು ಒಂದು ಮಾತು ಹೇಳಬಹುದಿತ್ತು. ನಮಿತಾ ಬಾಯಿ ತೆರೆದಳು; ಚಪ್ಪಾಳೆ ಹೊಡೆಯುತ್ತಿದ್ದ ಜನರನ್ನು ಒಂದು ಕ್ಷಣ ನೋಡಿದಳು; ಬಾಯಿ ಮುಚ್ಚಿಕೊಂಡಳು.

ಉಂಗುರ ಮರುದಿನ ಸಿಕ್ಕಿತು. ಅನುರಾಧಾ ಅದನ್ನು ತಮ್ಮ ಮನೆಯ ವಾಶ್‌ಬೇಸಿನ್ ಪಕ್ಕದಲ್ಲೇ ಬಿಟ್ಟುಬಂದಿದ್ದರು. ನಮಿತಾಳ ಮೊಬೈಲಿಗೆ ಕೈಮುಗಿಯುವ ಚಿತ್ರಗಳ ಜೊತೆ ಸಂದೇಶ ಕಳಿಸಿದ್ದರು. ಆ ಕೆಲಸದ ಬಾಯಿಗೂ ತಿಳಿಸಿಬಿಡಿ, ಅವರಿಗೊಂದು ಸೀರೆ ಕೊಡಬೇಕೆಂದಿದ್ದೇನೆ ಎಂದು.

ಅದನ್ನು ತಿಳಿಸಲು ನಮಿತಾ ತಾನೇ ಗುಡ್ಡ ಹತ್ತಿ ಬಂದಳು. ಮನೆಯಲ್ಲಿ ನೀಲಾಬಾಯಿ ಒಬ್ಬಳೇ ಇದ್ದಳು. ನಮಿತಾ ಅವಳ ಕೈ ಹಿಡಿದು ಅತ್ತಳು, ಕ್ಷಮೆ ಕೇಳಿದಳು. ಅಳು ಸುಳ್ಳಾಗಿರಲಿಲ್ಲ. ಅತ್ತು ಮುಗಿದ ಮೇಲೆ ಇನ್ನೊಂದು ಮಾತು ತೆಗೆದಳು. ಭಾನುವಾರದ ವಿಡಿಯೋ ಎಲ್ಲೆಲ್ಲೂ ಓಡುತ್ತಿದೆ, ದಿಲ್ಲಿಯಿಂದ ಕರೆ ಬಂದಿದೆ, ಎಲ್ಲರೂ ಆ ಕೊನೆಯ ದೃಶ್ಯವನ್ನೇ ಕೇಳುತ್ತಿದ್ದಾರೆ. ಅದನ್ನು ನಾಟಕದಲ್ಲಿ ಉಳಿಸಿಕೊಂಡರೆ ಹೇಗೆ?

ನೀಲಾಬಾಯಿ ಕೈ ಬಿಡಿಸಿಕೊಂಡಳು. ಆಮೇಲೆ ಹಿಂದಿ ಬಿಟ್ಟು ಕನ್ನಡದಲ್ಲಿಯೇ ಹೇಳಿದಳು.

"ಒಮ್ಮೆ ಮಂದಿ ನನ್ನ ಝಡತಿ ತಗೊಂಡ್ರು. ಇನ್ನ ದಿನಾ ನಾನ ನಿಂತು ಕೊಡಬೇಕೇನು? ನನ್ನಿಂದ ಆಗೂದಿಲ್ಲ ದೀದಿ. ನೀವು ಹೋಗ್ರಿ."

ನಮಿತಾಳಿಗೆ 'ಝಡತಿ' ಮತ್ತು 'ದೀದಿ' ಎರಡೇ ಮಾತು ತಿಳಿದಿರಬೇಕು. ಆದರೂ ಎದ್ದು ಹೋದಳು.

ನಾಟಕ ನಿಲ್ಲಲಿಲ್ಲ. ಕಲಿತ ನಟಿಯೊಬ್ಬಳು ಆ ಪಾತ್ರ ಹಿಡಿದಳು. ನೀಲಾಬಾಯಿ ಹಿಂದೆ ಹೇಳಿದ್ದ ಮಾತಿನ ರೆಕಾರ್ಡಿಂಗ್ ಕೇಳಿ ಕೇಳಿ, ಅರ್ಥ ತಿಳಿಯದಿದ್ದರೂ ಬಾಯಿಪಾಠ ಮಾಡಿಕೊಂಡಳು. ಕೊನೆಯ ದೃಶ್ಯವೂ ಇತ್ತು. ದಿಲ್ಲಿಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಪತ್ರಿಕೆಯವರು, ಆ ಅಂತ್ಯವನ್ನು ಕಟ್ಟಿದ ನಿರ್ದೇಶಕಿಯ ಧೈರ್ಯ ದೊಡ್ಡದು ಎಂದು ಬರೆದರು. ನೀಲಾಬಾಯಿ ಎಂದಿನಂತೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ನಾಟಕ ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಸೊಂಟ ನೋವು ಎನ್ನುತ್ತಿದ್ದಳು.

ಆ ಭಾನುವಾರದ ವಿಡಿಯೋ ಚಾಳಿಗೆ ಬಂದದ್ದು ತಡವಾಗಿ. ಯಾರದೋ ಮೊಬೈಲಿನಲ್ಲಿ ರಾಮಪ್ಪ ನೋಡಿದ. ಸಂಜೆ ಮನೆಯ ಮುಂದೆ ನಾಲ್ಕು ಜನರನ್ನು ಸೇರಿಸಿದ. ಹಿಂದೆ ಬೈದದ್ದೆಲ್ಲ ಮರೆತು ಅವನ ಮುಖ ಅರಳಿತ್ತು.

"ನೋಡ್ರಿ ನಮ್ಮಾಕಿನ್ನ. ಎಷ್ಟ ಖರೇ ಅನ್ನಾಂಗ ಅಳಾಕತ್ತಾಳ! ಕಣ್ಣಾಗ ನೀರು ಹೆಂಗ ಬರ್ತಾವ ನೋಡ್ರಿ. ಸುಳ್ಳ ಅಂತ ಯಾರಾರ ಅಂತಾರೇನ?"

ಬಾಗಿಲ ಬಳಿ ಭಾಂಡೆ ತಿಕ್ಕುತ್ತಿದ್ದ ನೀಲಾಬಾಯಿ ತಲೆ ಎತ್ತಲಿಲ್ಲ. ನೆರೆಯವರು ಬಾಯಿ ತೆರೆದು ನೋಡಿದರು, ಒಬ್ಬಳು ಕಣ್ಣೊರೆಸಿಕೊಂಡಳು. ಶಿವಕುಮಾರಿ ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡಿದಳು, ನಗುತ್ತಿದ್ದವಳು ನಡುವೆಯೇ ನಗು ನಿಲ್ಲಿಸಿದಳು. ಬಂದು ತಾಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಮಮ್ಮಿ, ಯೇ ಆ್ಯಕ್ಟಿಂಗ್ ನಹೀ ಹೈ ನಾ?"

"ಸುಮ್ನಿರ. ನಿಮ್ಮಪ್ಪಗ ಹೇಳಬ್ಯಾಡ."

ರಾಮಪ್ಪ ಆಗಲೇ ಆಚೆ ಮನೆಯವರನ್ನು ಕೂಗಿ ಕರೆಯುತ್ತಿದ್ದ. ಅವರು ಬಂದು ಕೂತ ಮೇಲೆ ವಿಡಿಯೋವನ್ನು ಮೊದಲಿನಿಂದ ಹಚ್ಚಿದ.