ಬೆನ್ನು ತಿರುಗಿಸಿ ಕುಳಿತವಳು

ಚಿತ್ರದ ಕೆಳಗಿನ ಎಡ ಮೂಲೆಯ ಬಣ್ಣದೊಳಗೆ ಒಂದು ಇರುವೆ ಸಿಕ್ಕಿಕೊಂಡಿದೆ. ನಿಜವಾದ ಇರುವೆ. ಎಣ್ಣೆಬಣ್ಣ ಹಸಿಯಾಗಿದ್ದಾಗ ಹತ್ತಿ ಬಂದು ಅಲ್ಲೇ ನಿಂತುಬಿಟ್ಟಿರಬೇಕು. ಮುಂಗಾಲುಗಳು ಹೊರಗೆ, ಉಳಿದ ಮೈ ಮಣ್ಣುಬಣ್ಣದ ಒಳಗೆ. ಬೆಳಗ್ಗೆ ಚಹಾ ಹಿಡಿದು ಅಷ್ಟು ಹತ್ತಿರ ನಿಲ್ಲುವವಳು ನಾನೊಬ್ಬಳೇ ಆದ್ದರಿಂದ ಅದು ಬೇರೆಯವರಿಗೆ ಕಂಡಿರಲಿಲ್ಲ.

ಚಿತ್ರ ದೊಡ್ಡದೇನಲ್ಲ, ಶಾಲೆ ಮಕ್ಕಳ ಸ್ಲೇಟಿನಷ್ಟಿದೆ. ತಲೆಗೆ ನೀರೆರೆದುಕೊಂಡ ಹೆಂಗಸೊಬ್ಬಳು ಮಾಳಿಗೆಯ ಮೇಲೆ ಬಿಸಿಲಿಗೆ ಕೂದಲು ಹರವಿ, ನಮಗೆ ಬೆನ್ನು ಮಾಡಿ ಕುಳಿತಿದ್ದಾಳೆ. ತಲೆ ಬಲಕ್ಕೆ ತುಸು ಬಾಗಿದೆ. ಅಷ್ಟೇ.

ಸಿಕಂದರಾಬಾದಿನ ಈ ಬಾಡಿಗೆ ಮನೆಗೆ ಬಂದಾಗ ಮಾಲೀಕರು ಹಾಕಿದ ಷರತ್ತು ಒಂದೇ: ಗೋಡೆಗೆ ಮೊಳೆ ಹೊಡೆಯಬಾರದು. ಹಾಗಾಗಿ ನನ್ನಲ್ಲಿರುವ ಚಿತ್ರಗಳೆಲ್ಲ ಒರಗಿಕೊಂಡೇ ಬದುಕುತ್ತವೆ. ಯೂನಿವರ್ಸಿಟಿಯಲ್ಲಿದ್ದಾಗ ಚಿತ್ರಕಲೆಯ ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಕೊಂಡ ಅಚ್ಚಿನ ಚಿತ್ರ ಒಂದು ಕುರ್ಚಿಯ ಮೇಲಿದೆ. ಕೋಠಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಪೆನ್ಸಿಲ್ ಚಿತ್ರ ಅಡುಗೆಮನೆಯ ಕಟ್ಟೆಯ ಮೇಲೆ, ಒಗ್ಗರಣೆ ಸಿಡಿಯದಷ್ಟು ದೂರದಲ್ಲಿ. ಮನೆಗೆ ಯಾರಾದರೂ ಬಂದರೆ ಕೂರಿಸಲು ಒಂದು ಚಿತ್ರವನ್ನು ಎಬ್ಬಿಸಬೇಕು. ಅಷ್ಟಾಗಿ ಯಾರೂ ಬರುವುದಿಲ್ಲ. ಹಿಂದಿನ ಬಾಡಿಗೆಯವರು ಕ್ಯಾಲೆಂಡರಿಗಾಗಿ ಹೊಡೆದಿದ್ದ ಒಂದೇ ಮೊಳೆ ಗೋಡೆಯಲ್ಲಿ ಉಳಿದಿತ್ತು. ಅದನ್ನು ನಾನು ಬೆನ್ನು ಮಾಡಿ ಕುಳಿತ ಇವಳಿಗೆ ಕೊಟ್ಟೆ.

ಅಮ್ಮ ತೀರಿಕೊಂಡಾಗ ನಾನು ಎಂ.ಎ. ಓದುತ್ತಿದ್ದೆ. ಫೋಟೋಗಳಲ್ಲಿ ಅವಳು ಸೆಟೆದು ನಿಂತು ಕ್ಯಾಮೆರಾವನ್ನೇ ನೋಡುತ್ತಾಳೆ. ನನಗೆ ನೆನಪಿರುವ ಅಮ್ಮ ಅದಲ್ಲ. ರಾಯಚೂರಿನ ಮನೆಯಲ್ಲಿ ಶಾಲೆಯಿಂದ ಬಂದು ಮಾಳಿಗೆ ಹತ್ತಿದರೆ ಮೊದಲು ಕಾಣುತ್ತಿದ್ದುದು ಅವಳ ಬೆನ್ನು. ತಿರುಗದೆಯೇ "ಬಂದ್ಯಾ?" ಅನ್ನುತ್ತಿದ್ದಳು. ಬೆನ್ನಿನ ಫೋಟೋ ಯಾರು ತೆಗೆಯುತ್ತಾರೆ?

ಚಿತ್ರ ಬರೆದವರು ಬೀದರಿನ ಕಡೆಯಿಂದ ಬಂದು ಇಲ್ಲೇ ನೆಲೆಸಿದ್ದ, ನಿವೃತ್ತ ಡ್ರಾಯಿಂಗ್ ಮಾಸ್ತರರು. ಒಂದು ಸಣ್ಣ ಸಭಾಂಗಣದಲ್ಲಿ ಅವರ ಕೆರೆ, ಗುಡ್ಡ, ಕೋಟೆಗಳ ನಡುವೆ ಇದು ನೇತುಬಿದ್ದಿತ್ತು. "ಇದನ್ನ ಯಾರೂ ಕೇಳಂಗಿಲ್ಲ, ಮುಖ ಇಲ್ಲಲ್ಲ," ಎಂದು ಹಳೆ ಪೇಪರಿನಲ್ಲಿ ಸುತ್ತಿಕೊಟ್ಟಿದ್ದರು. ಮುಖವಿಲ್ಲದ್ದಕ್ಕೇ ಕೊಂಡೆ ಎಂದು ನಾನು ಅವರಿಗೆ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಅವರ ಹೆಂಡತಿ ಫೋನ್ ಮಾಡಿದರು. ಮಾಸ್ತರರು ಹೋಗಿ ಕೆಲವು ತಿಂಗಳಾಗಿತ್ತು. ಅವರ ಫೋನಿನಲ್ಲಿ ನನ್ನ ನಂಬರಿನ ಎದುರು 'ಬೆನ್ನಿನ ಹುಡುಗಿ' ಎಂದಿತ್ತಂತೆ. "ಆ ಬೆನ್ನು ನಂದೇ. ಒಂದ್ಸಲ ನೋಡಬೇಕು ಅನಸ್ತದ. ಬರಲೇನು?"

ಹೂಂ ಎಂದೆ. ಚಿತ್ರವನ್ನು ವಾಪಸು ಕೇಳಿಯಾರು ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಅವರು ಬಂದರೆ ಆ ಬೆನ್ನಿಗೊಂದು ಮುಖ ಬರುತ್ತದೆ. ಅದು ಅಮ್ಮನದಾಗಿರುವುದಿಲ್ಲ.

ಅದೇ ವಾರ ದೊಡ್ಡವ್ವ ರಾಯಚೂರಿನಿಂದ ಬಂದಿದ್ದಳು. ಅಮ್ಮನ ಅಕ್ಕ. ಎರಡೂ ಕಣ್ಣಿಗೆ ಪೊರೆ ಬಂದು, ಮೊದಲ ಕಣ್ಣಿನ ಆಪರೇಷನ್ ಮಂಗಳವಾರಕ್ಕೆ ಗೊತ್ತಾಗಿತ್ತು. ಮಾಸ್ತರರ ಹೆಂಡತಿ ಬಂದದ್ದು ಸೋಮವಾರ ಸಂಜೆ. ನಾನು ಆಫೀಸಿನಿಂದ ಬರುವ ಹೊತ್ತಿಗೇ ಅವರೂ ಆಟೋ ಇಳಿದರು. ಗಲ್ಲದ ಮೇಲೆ ಮಚ್ಚೆ, ಮುಂದಿನ ಹಲ್ಲಿನ ನಡುವೆ ಸಂದು, ಬರಿ ಹಣೆ. ಕಣ್ಣು ಬೇರೆ ಕಡೆ ತಿರುಗಿಸುವಷ್ಟರಲ್ಲಿ ನೋಡಿಯಾಗಿತ್ತು. ಜೊತೆಯಲ್ಲೇ ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆದರೆ ಊದಿನಕಡ್ಡಿಯ ಹೊಗೆ.

ಚಿತ್ರದ ಮೇಲಿಂದ ಮಲ್ಲಿಗೆಯ ಮಾಲೆ ಇಳಿಬಿದ್ದಿತ್ತು. ಹಚ್ಚಲು ಹಣೆ ಸಿಗದೆ ದೊಡ್ಡವ್ವ ಕುಂಕುಮವನ್ನು ಚೌಕಟ್ಟಿಗೆ ಹಚ್ಚಿದ್ದಳು. ಕೆಳಗೆ ಸ್ಟೂಲಿನ ಮೇಲೆ ಬಾಳೆಹಣ್ಣು, ಅದಕ್ಕೆ ಚುಚ್ಚಿದ ಊದಿನಕಡ್ಡಿ.

"ಯಾಕ ನಿಂತ್ರಿ, ಒಳಗ ಬರ್ರಿ ಅಕ್ಕಾರ," ಎಂದಳು ದೊಡ್ಡವ್ವ. "ತೀರಿಕೊಂಡ ನಮ್ಮ ತಂಗೀಗೆ ಒಂದೀಟು ಹೂ ಏರಿಸೀನಿ. ನಾಳೆ ನನ್ನ ಕಣ್ಣಿನ ಆಪರೇಷನ್ ಐತಿ, ಆಕಿ ನೋಡ್ಕೊಳ್ಳಲಿ ಅಂತ."

ಮಾಸ್ತರರ ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮಾಲೆಯನ್ನೂ ದೊಡ್ಡವ್ವನನ್ನೂ ನೋಡಿದರು.

"ಅಕ್ಕಾರ, ಅದು ನಾನು. ಇನ್ನೂ ಇದ್ದೀನಿ."

ದೊಡ್ಡವ್ವ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. "ಶಿವನ, ಬದುಕಿದ್ದೋರಿಗೆ ಹೂ ಏರಿಸಿ ಕುಂತೀನಲ್ಲ," ಎಂದು ಅವಳು ಮಾಲೆ ತೆಗೆಯಲು ತಡವರಿಸಿದಾಗ ಆಕೆ ಕೈ ಹಿಡಿದು ತಡೆದರು.

"ಇರಲಿ ಬಿಡ್ರಿ. ಅವರು ಹೋದ ಮ್ಯಾಲ ನನಗ ಯಾರೂ ಹೂ ಕೊಟ್ಟಿಲ್ಲ. ಆ ಮಾಳಿಗಿ ಮ್ಯಾಲಿನಾಕಿಗಾದರೂ ಇರಲಿ."

ಕುರ್ಚಿಯ ಮೇಲಿದ್ದ ಅಚ್ಚಿನ ಚಿತ್ರವನ್ನು ಎತ್ತಿ ಅವರನ್ನು ಕೂರಿಸಿದೆ. ಬಹಳ ಹೊತ್ತು ನೋಡಿದರು. "ಇಷ್ಟು ಕೂದಲಿತ್ತೇನು ನನಗ? ಇದನ್ನ ಬರದಾಗ ತೋರಿಸಿದ್ದರು. ಒಲಿ ಮ್ಯಾಲ ಬ್ಯಾಳಿ ಇತ್ತು. ಛಂದ ಅದ ಅಂದು ಒಳಗ ಹೋದೆ. ನಮ್ಮ ಬೆನ್ನು ನಮಗೆಲ್ಲಿ ಕಾಣತದ. ಅವರು ನೋಡ್ಯಾರ."

ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅಲ್ಲಿ ಕುಳಿತು ನೀವು ಏನು ನೋಡ್ತಿದ್ರಿ?"

"ನೋಡೋದೇನು ಬೇಟಾ, ಮುಂದ ನೀರಿನ ಟಾಕಿ ಇತ್ತು. ಸೀತಾಫಲ ತಿಂತಿದ್ದೆ. ಅಲುಗಬ್ಯಾಡ, ಅಲುಗಬ್ಯಾಡ ಅಂತ ಅವರು ಹಿಂದಿಂದ ಬೈತಿದ್ದರು. ಬೀಜ ಉಗುಳಲಿಕ್ಕ ಒಂದ್ಸಲ ತಲಿ ಬಗ್ಗಿಸಿದೆ, ಅದನ್ನೇ ಹಿಡದಾರ ನೋಡು."

ದೊಡ್ಡವ್ವ ನಕ್ಕಳು. ಆಕೆಯೂ ನಕ್ಕರು. ಬಲಕ್ಕೆ ಬಾಗಿದ ಆ ತಲೆ ಮೆಟ್ಟಿಲ ಮೇಲಿನ ನನ್ನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟದ್ದು ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ.

ಇರುವೆಯನ್ನು ತೋರಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. "ಸೀತಾಫಲಕ್ಕ ಬಂದದ. ಪಾಪ, ಅವರ ಕೈಯಾಗ ಸಿಕ್ಕು ಇಲ್ಲೇ ಕುಂತದ, ನನ್ನಂಗ."

ಚಹಾ ಕುಡಿದು ಎದ್ದಾಗ, "ನಿಮಗೆ ಚಿತ್ರ ಬೇಕಿದ್ದರೆ..." ಎಂದು ಶುರು ಮಾಡಿದೆ.

"ಒಯ್ಯಂಗಿಲ್ಲ, ಅಂಜಬ್ಯಾಡ. ನಮ್ಮನ್ಯಾಗ ಗೋಡಿ ತುಂಬ ಅವರ ಕೆರಿ, ಗುಡ್ಡನೇ ಅವ. ನಾ ಇಲ್ಲೇ ಇರತೀನಿ. ನೆನಪಾದಾಗ ಬಂದು ನೋಡತೀನಿ." ತಮ್ಮ ಫೋನ್ ಕೊಟ್ಟು, ಮಾಲೆ ಇದ್ದ ಹಾಗೆಯೇ ಚಿತ್ರದ ಒಂದು ಫೋಟೋ ತೆಗೆಸಿಕೊಂಡು ಹೋದರು.

ಚಿತ್ರ ನನ್ನ ಬಳಿಯೇ ಉಳಿಯಿತು. ಆದರೆ ಬಾಗಿಲು ಹಾಕಿ ಬಂದು ನೋಡಿದರೆ ಅಲ್ಲಿ ಸೀತಾಫಲ ತಿನ್ನುವ ಹೆಂಗಸು ಕುಳಿತಿದ್ದಳು. ಎಷ್ಟು ನೋಡಿದರೂ ಅವಳೇ.

ಊಟಕ್ಕೆ ಕುಳಿತಾಗ ದೊಡ್ಡವ್ವ ಕೇಳಿದಳು, "ಸಿಟ್ಟು ಬಂತೇನವಾ?"

"ಇಲ್ಲ."

"ನಿಮ್ಮವ್ವನೇ ಅನಿಸ್ತು. ಕಣ್ಣು ಮಂಜು, ಅದಕ್ಕ ಇರಬೇಕು."

"ನನ್ನ ಕಣ್ಣು ಛಲೋ ಅದಾವು," ಎಂದೆ. "ನನಗೂ ಹಂಗ ಅನಿಸಿತ್ತು. ಅದಕ್ಕ ತಂದದ್ದು."

ಅಮ್ಮ ಹೋದ ಮೇಲೆ ನಾವಿಬ್ಬರೂ ಅವಳ ಬಗ್ಗೆ ಹೀಗೆ ಮಾತಾಡಿರಲಿಲ್ಲ. ದೊಡ್ಡವ್ವ ರೊಟ್ಟಿ ಮುರಿದಳು. ಆಮೇಲೆ, "ಆದರ ಆಕಿ ಕೂದಲ ಅಷ್ಟು ಉದ್ದ ಎಲ್ಲಿತ್ತು?" ಎಂದಳು. "ನಂದೇ ಉದ್ದ. ಅದಕ್ಕ ಭಾಳ ಹೊಟ್ಟಿಕಿಚ್ಚು ಆಕಿಗೆ. ಬೆನ್ನು ಮಾತ್ರ ಇಬ್ಬರದೂ ಒಂದೇ. ನಮ್ಮಪ್ಪ ಹಿಂದಿಂದ ಆಕಿ ಹೆಸರು ಹಿಡಿದು ನನ್ನ ಕರೀತಿದ್ದ."

ಆಪರೇಷನ್ ಆದ ಮೇಲೆ ಕೆಲವು ವಾರ ತಲೆಗೆ ನೀರು ಹಾಕುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಮರುದಿನ ಬೆಳಗ್ಗೆ ದೊಡ್ಡವ್ವ ಬೇಗ ಎದ್ದು ತಲೆಗೆ ನೀರೆರೆದುಕೊಂಡು, ಬಾಲ್ಕನಿಯಲ್ಲಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನೆಲದ ಮೇಲೆ ಕುಳಿತಳು. ನಾನು ಚಹಾ ಹಿಡಿದು ಬಾಗಿಲವರೆಗೆ ಬಂದೆ. ಅವಳು ತಿರುಗಲಿಲ್ಲ. "ಎದ್ಯಾ?" ಎಂದಳು.

ಲೋಟವನ್ನು ಸ್ಟೂಲಿನ ಮೇಲಿಟ್ಟೆ. ಮತ್ತೆ ಕುರ್ಚಿ ಏರಿದ್ದ ಅಚ್ಚಿನ ಚಿತ್ರವನ್ನು ಇಳಿಸಿ ಗೋಡೆಗೆ ಒರಗಿಸಿ, ಕುರ್ಚಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಅವಳ ಹಿಂದೆ ಕುಳಿತೆ. ಟವೆಲ್ ತೆಗೆದುಕೊಂಡು, ಆಸ್ಪತ್ರೆಗೆ ಹೊರಡುವ ಹೊತ್ತಾಗುವವರೆಗೂ ಅವಳ ಕೂದಲು ಒರೆಸಿದೆ.